ಅಕ್ಕನ ಕೈಬರಹದ ಮೂರು ಟ್ಯೂಬು

ಫ್ರೀಜರಿನ ಪ್ಲಗ್ ಕಿತ್ತವನು ನಾನು. ಕಿತ್ತಿದ್ದು ತಾನೇ ಎಂದು ಮೇಡಂ ಮುಂದೆ ಒಪ್ಪಿಕೊಂಡವಳು ನನ್ನ ಅಕ್ಕ. ಆ ಸುಳ್ಳು ಐದು ವಾರ ನಿಂತಿತು. ಐದು ವಾರವೂ ನಾನು ಅದರ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಓಡಾಡಿದೆ.

ಅದು ೨೦೧೮ನೇ ಇಸವಿ. ಸಹಕಾರನಗರದಲ್ಲಿ ಒಂದು ಬೇಕರಿಯ ಮೇಲೆ, ಎರಡನೇ ಮಹಡಿಯಲ್ಲಿ ನಮ್ಮ ಲ್ಯಾಬ್ ಇತ್ತು. ಅಕ್ಕ ಅಲ್ಲಿ ಒಂಬತ್ತು ವರ್ಷದಿಂದ ಇದ್ದಳು. ಗಾಜಿನ ಸಾಮಾನು ತೊಳೆಯಲು ಸೇರಿದವಳು ಕ್ರಮೇಣ ದ್ರಾವಣ ಅಳೆದಿಡುವುದನ್ನೂ ಟ್ಯೂಬುಗಳಿಗೆ ಲೇಬಲ್ ಬರೆಯುವುದನ್ನೂ ಕಲಿತಿದ್ದಳು. ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿರಲಿಲ್ಲ, ಆದರೆ ನೋಡಿಕೊಂಡು ಬರೆದರೆ ಅಚ್ಚು ಹಾಕಿದ ಹಾಗಿರುತ್ತಿತ್ತು. ಅವಳು ಬರೆದ ಲೇಬಲ್ ಇದ್ದರೆ ಎರಡನೇ ಸಲ ನೋಡುವ ಅಗತ್ಯವಿಲ್ಲ ಎಂದು ಲ್ಯಾಬ್ ನಡೆಸುವ ಮೇಡಂ ಹೊಸಬರಿಗೆಲ್ಲ ಹೇಳುತ್ತಿದ್ದರು.

ನಾನು ಒಂಬತ್ತನೇ ಕ್ಲಾಸಿನ ನಡುವೆಯೇ ಸ್ಕೂಲು ಬಿಟ್ಟವನು. ಟಿ. ದಾಸರಹಳ್ಳಿಯಲ್ಲಿ ಶಾಮಿಯಾನದ ಅಂಗಡಿಯೊಂದರಲ್ಲಿ ಮದುವೆ, ಹಬ್ಬಗಳಿಗೆ ಬಣ್ಣದ ಬಲ್ಬಿನ ಸೀರಿಯಲ್ ಸೆಟ್ ಕಟ್ಟುತ್ತಿದ್ದೆ. ಹಬ್ಬ ಇಲ್ಲದ ತಿಂಗಳು ಪೀಣ್ಯದ ಕಾರ್ಖಾನೆಗಳಿಗೆ ಹೋಗುತ್ತಿದ್ದೆ. ಎರಡು ಕಡೆ ನನ್ನನ್ನು ತೆಗೆದುಹಾಕಿದ್ದರು. ಎರಡು ಕಡೆಯೂ ಕಾರಣ ಒಂದೇ: ಹಿಡಿದ ಕೆಲಸವನ್ನು ಪೂರ್ತಿ ಮುಗಿಸದೆ ಎದ್ದು ಹೋಗುವುದು. ಅಕ್ಕ ಮೇಡಂ ಅವರನ್ನು ಕೇಳಿ, ಕೇಳಿ, ಆ ವರ್ಷ ಜೂನ್‌ನಲ್ಲಿ ನನ್ನನ್ನು ಲ್ಯಾಬಿಗೆ ಸೇರಿಸಿದಳು. ಆರು ತಿಂಗಳ ಪ್ರೊಬೇಷನ್. ಆಗ ನನ್ನ ಹೆಂಡತಿಗೆ ಐದು ತಿಂಗಳು.

ಲ್ಯಾಬಿನಲ್ಲಿ ನಡೆಯುತ್ತಿದ್ದ ಕೆಲಸ ನನಗೆ ಮೊದಲು ತಮಾಷೆಯಂತೆ ಕಂಡಿತು. ಕಂಪ್ಯೂಟರಿನ ಫೈಲನ್ನು ಡಿಎನ್‌ಎ ಒಳಗೆ ಬರೆದಿಡುವುದು, ಮತ್ತೆ ಓದಿ ಹೊರಗೆ ತೆಗೆಯುವುದು. ಪ್ರಾಣಿಯದೂ ಅಲ್ಲ, ಗಿಡದ್ದೂ ಅಲ್ಲ. ಕಾರ್ಖಾನೆಯಲ್ಲಿ ಒಂದೊಂದೇ ಕೊಂಡಿ ಜೋಡಿಸಿ ಮಾಡಿದ ಡಿಎನ್‌ಎ. ಮೇಡಂ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನಗೂ ಅಕ್ಕನಿಗೂ ವಿವರಿಸಿದರು. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಡಿಎನ್‌ಎಯಲ್ಲಿ ನಾಲ್ಕು ಬಗೆಯ ಕೊಂಡಿಗಳಿವೆ. ಸೊನ್ನೆ-ಒಂದರ ಸಾಲನ್ನು ಆ ನಾಲ್ಕು ಕೊಂಡಿಗಳ ಸಾಲಾಗಿ ಬದಲಾಯಿಸಿ, ಆ ಸಾಲನ್ನು ಬರೆದು ಕಳಿಸಿದರೆ ಹೊರದೇಶದ ಕಾರ್ಖಾನೆಯವರು ಅದೇ ಪ್ರಕಾರ ಡಿಎನ್‌ಎ ಹೆಣೆದು ಕಳಿಸುತ್ತಾರೆ.

ನಾನು ಅದನ್ನು ನನ್ನ ಕಸುಬಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ನಾಲ್ಕು ಬಣ್ಣದ ಬಲ್ಬಿನ ಸೀರಿಯಲ್ ಸೆಟ್. ಯಾವ ಬಣ್ಣದ ನಂತರ ಯಾವ ಬಣ್ಣ ಅನ್ನುವುದೇ ಬರಹ. ಉದ್ದ ಸೆಟ್ ಮಾಡಲಾಗುವುದಿಲ್ಲ, ಅದಕ್ಕೆ ಸಾವಿರಾರು ಚಿಕ್ಕ ಚಿಕ್ಕ ಸೆಟ್. ಪ್ರತಿಯೊಂದರ ತುದಿಗೂ ಇದು ಎಷ್ಟನೆಯದು ಎಂದು ನಂಬರ್. ನಮ್ಮ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಸಾಲಿಗೆ ಸಾಲೇ ಆರುತ್ತದೆ. ಇಲ್ಲಿ ಹಾಗಲ್ಲ, ಒಂದೊಂದು ಸೆಟ್‌ಗೂ ಲಕ್ಷಾಂತರ ನಕಲು, ಒಂದು ಹೋದರೆ ಇನ್ನೊಂದು. ನಾನು ಹೀಗೆ ಹೇಳಿದಾಗ ಮೇಡಂ ನಕ್ಕು, ಬರುವ ಅತಿಥಿಗಳಿಗೆ ಇದನ್ನೇ ಹೇಳುತ್ತೇನೆ ಅಂದರು.

ಅತಿಥಿಗಳು ಎಂದರೆ ಈ ಕೆಲಸ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವವರು. ಡಿಸೆಂಬರಿನಲ್ಲಿ ಬರುತ್ತಾರೆ. ಅವರೆದುರು ಮೂರು ಫೈಲುಗಳನ್ನು ಡಿಎನ್‌ಎಯಿಂದ ಓದಿ ತೋರಿಸಬೇಕು.

ಮೊದಲನೆಯದು ನಮ್ಮ ಕಡೆಯ ಕೆರೆಗಳ ಹೆಸರಿನ ಒಂದು ಪುಟ; ಮೇಡಂ ಟೈಪ್ ಮಾಡಿದ್ದು. ಮೂರನೆಯದು ಕೊಡಿಗೇಹಳ್ಳಿ ರೈಲ್ವೆ ಗೇಟಿನ ಬಳಿ ರೆಕಾರ್ಡ್ ಮಾಡಿದ ರೈಲಿನ ಕೂಗು, ಎರಡೇ ಸೆಕೆಂಡಿನದು. ಆರ್.ಟಿ. ನಗರದಿಂದ ಬೈಕಿನಲ್ಲಿ ಬರುತ್ತಿದ್ದ ನಮ್ಮ ಪ್ರೋಗ್ರಾಮರ್ ತಡವಾಗಿ ಬಂದಾಗಲೆಲ್ಲ ಆ ಗೇಟಿನ ಮೇಲೇ ಹಾಕುತ್ತಿದ್ದರು, ಸಾಕ್ಷಿಗಿರಲಿ ಎಂದು ರೆಕಾರ್ಡ್ ಮಾಡಿಕೊಂಡಿದ್ದರಂತೆ. ಎರಡನೆಯದು ಒಂದು ಚಿತ್ರವಾಗಬೇಕಿತ್ತು. ಚಿಕ್ಕದಿರಬೇಕು, ಕಪ್ಪು-ಬಿಳುಪು ಸಾಕು. ಏನು ಹಾಕುವುದು ಎಂದು ಎರಡು ದಿನ ಚರ್ಚೆಯಾಯಿತು. ಮೂರನೆಯ ಬೆಳಗ್ಗೆ ಅಕ್ಕ ಬಾಗಿಲ ಮುಂದೆ ಹದಿನೈದು ಚುಕ್ಕಿಯ ರಂಗೋಲಿ ಹಾಕಿದ್ದಳು. ನಾನು ನೀರಿನ ಕ್ಯಾನ್ ಹೊತ್ತು ಅವಸರದಲ್ಲಿ ಒಳಗೆ ನುಗ್ಗಿ ಬೈಸಿಕೊಂಡೆ. ನನ್ನ ಹಿಂದೆ ಬಂದ ಪ್ರೋಗ್ರಾಮರ್ ಬಾಗಿಲಲ್ಲೇ ನಿಂತುಬಿಟ್ಟರು. ‘ಗುರು, ಇದಕ್ಕಿಂತ ಇನ್ನೇನ್ ಬೇಕು? ಚುಕ್ಕಿ ಇದ್ರೆ ಒಂದು, ಇಲ್ದಿದ್ರೆ ಸೊನ್ನೆ’ ಎಂದು ಮೊಬೈಲ್ ತೆಗೆದು ಫೋಟೋ ಹೊಡೆದರು. ಅಕ್ಕನಿಗೆ ನಾಚಿಕೆಯಾಗಿ ಒಳಗೆ ಹೋದಳು.

ಸೆಪ್ಟೆಂಬರ್ ಕೊನೆಗೆ ಡಿಎನ್‌ಎ ಬಂತು. ಮೂರು ಫೈಲಿಗೆ ಮೂರು ಟ್ಯೂಬು, ಕಿರುಬೆರಳಿನ ಅರ್ಧದಷ್ಟು. ಒಳಗೆ ಇದ್ದದ್ದು ಕಣ್ಣಿಗೆ ಕಾಣುವುದೇ ಕಷ್ಟ. ಮೇಡಂ ಅದನ್ನು ಹನಿ ನೀರಿನಲ್ಲಿ ಕರಗಿಸಿ ನಮ್ಮ ಮೂರು ಟ್ಯೂಬುಗಳಿಗೆ ಹಾಕಿದರು. ಪ್ರತಿ ಫೈಲಿಗೂ ಒಂದು ಜೋಡಿ ಪ್ರೈಮರ್ ಇರುತ್ತದೆ. ಅದು ಕೀಲಿ, ಡಿಎನ್‌ಎ ಬೀಗ. ಸರಿಯಾದ ಕೀಲಿ ಹಾಕಿ ಯಂತ್ರದಲ್ಲಿಟ್ಟರೆ ಆ ಫೈಲಿನ ಡಿಎನ್‌ಎ ಕೋಟಿಗಟ್ಟಲೆ ನಕಲಾಗುತ್ತದೆ, ಆಗ ಓದಬಹುದು. ಬೇರೆ ಕೀಲಿ ಹಾಕಿದರೆ ಏನೂ ಆಗುವುದಿಲ್ಲ.

ಇಲ್ಲಿ ನನ್ನ ಮೊದಲ ತಪ್ಪು. ಫ್ರೀಜರಿನ ಚಳಿಗೆ ತಡೆಯುವ ಲೇಬಲ್ ಯಶವಂತಪುರದ ಒಂದು ಅಂಗಡಿಯಲ್ಲಿ ಮಾತ್ರ ಸಿಗುತ್ತಿತ್ತು. ತರಲು ನನ್ನನ್ನು ಕಳಿಸಿದ್ದರು. ಹೆಬ್ಬಾಳದ ಟ್ರಾಫಿಕ್ ನೆನೆದು ನಾನು ಹೋಗಲಿಲ್ಲ, ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ನೋಟ್‌ಬುಕ್ಕಿಗೆ ಅಂಟಿಸುವ ಲೇಬಲ್ ತಂದು, ಟ್ಯೂಬಿಗೆ ತಕ್ಕಂತೆ ಕತ್ತರಿಸಿ ಅಕ್ಕನ ಮುಂದಿಟ್ಟೆ. ಅವಳು ಅದರ ಮೇಲೆ ಬರೆದಳು. ಮುಚ್ಚಳದ ಮೇಲೂ ಪೆನ್ನಿನಲ್ಲಿ ನಂಬರ್ ಹಾಕಬೇಕು, ಆ ಕೆಲಸ ನನ್ನದು. ಆಮೇಲೆ ಹಾಕೋಣ ಅಂದುಕೊಂಡೆ, ಹಾಕಲಿಲ್ಲ.

ಆ ವರ್ಷ ಆಯುಧಪೂಜೆ ಗುರುವಾರ ಬಂತು. ಗುರುವಾರದಿಂದ ಭಾನುವಾರದವರೆಗೆ ರಜ. ಬುಧವಾರ ಮಧ್ಯಾಹ್ನವೇ ಲ್ಯಾಬಿನಲ್ಲಿ ಪೂಜೆ. ಯಂತ್ರಗಳನ್ನೆಲ್ಲ ಒರೆಸಿ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದೆವು. ಅಲಂಕಾರ ನನಗೆ ಬಿಟ್ಟಿದ್ದರು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಬರುವ ಕೆಲಸ. ದಾಸರಹಳ್ಳಿಯಿಂದ ಆರು ಸೆಟ್ ತಂದು ಕಿಟಕಿ, ಬಾಗಿಲು, ಪಡಸಾಲೆ ಎಲ್ಲ ಕಡೆ ಎಳೆದೆ. ಪೂಜೆಯ ನಡುವೆ ಕರೆಂಟ್ ಹೋದರೂ ದೀಪ ಆರಬಾರದು ಎಂದು ಯುಪಿಎಸ್ ಲೈನಿನ ಪಾಯಿಂಟ್ ಹುಡುಕಿದೆ. ಪಡಸಾಲೆಯಲ್ಲಿ ಇದ್ದದ್ದು ಕೊನೆಯಲ್ಲಿ ಒಂದೇ ಒಂದು. ಅದರಲ್ಲಿ ಚಿಕ್ಕ ಫ್ರೀಜರಿನ ಪ್ಲಗ್ ಇತ್ತು. ಒಂದು ಗಂಟೆಯ ಮಾತು ತಾನೆ ಎಂದು ಅದನ್ನು ಕಿತ್ತು ನನ್ನ ಸೆಟ್ ಹಾಕಿದೆ.

ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದರು, ಕಡ್ಲೆಪುರಿ ಹಂಚಿದರು. ಲೈಟು ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ಆ ಸಂಜೆ ದಾಸರಹಳ್ಳಿಯಲ್ಲಿ ಇನ್ನೊಂದು ಕಡೆ ಸೆಟ್ ಕಟ್ಟಲು ಒಪ್ಪಿಕೊಂಡಿದ್ದೆ. ಸೆಟ್‌ಗಳನ್ನು ಎಳೆದು ಸುತ್ತಿ ಚೀಲಕ್ಕೆ ತುಂಬಿ ಬಸ್ಸಿಗೆ ಓಡಿದೆ. ಫ್ರೀಜರಿನ ಪ್ಲಗ್ ನೆಲದ ಮೇಲೆ ಹಾಗೇ ಬಿದ್ದಿತ್ತು.

ಸೋಮವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋದವನು ನಾನು. ಬಾಗಿಲು ತೆಗೆದರೆ ಪಡಸಾಲೆಯಲ್ಲಿ ನೀರು, ಅದರಲ್ಲಿ ಬುಧವಾರದ ಕಡ್ಲೆಪುರಿ ತೇಲುತ್ತಿತ್ತು. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಕಟ್ಟಿದ್ದ ಮಂಜು ಪೂರ್ತಿ ಕರಗಿತ್ತು. ಕೆಳಗಿನ ಖಾನೆಯಲ್ಲಿ ಡಿಎನ್‌ಎ ಪೆಟ್ಟಿಗೆ ನೀರು ತುಂಬಿಕೊಂಡು ಕೂತಿತ್ತು. ಮುಚ್ಚಳ ಬಿಗಿಯಾಗಿದ್ದರಿಂದ ಟ್ಯೂಬಿನ ಒಳಗೆ ನೀರು ಹೋಗಿರಲಿಲ್ಲ. ಆದರೆ ಟ್ಯೂಬುಗಳು ಸ್ಥಾನ ತಪ್ಪಿ ಒಂದರ ಮೇಲೊಂದು ಬಿದ್ದಿದ್ದವು, ಮತ್ತು ಎಲ್ಲವೂ ಬೆತ್ತಲೆಯಾಗಿದ್ದವು. ಅಕ್ಕನ ಲೇಬಲ್‌ಗಳು ನೀರಿನ ಮೇಲೆ ತೇಲುತ್ತಿದ್ದವು. ಶಾಯಿ ಕದಡಿರಲಿಲ್ಲ, ಅಂಟು ಬಿಟ್ಟಿತ್ತು.

ಪ್ಲಗ್ ಹಾಕಿದೆ. ಲೇಬಲ್‌ಗಳನ್ನು ಅಂಗಿಗೆ ಒತ್ತಿ ಒಣಗಿಸಿ, ಡ್ರಾಯರಿನಲ್ಲಿದ್ದ ಅಂಟು ಸವರಿ, ಯಾವುದು ಎಲ್ಲಿತ್ತು ಎಂದು ನೆನಪು ಮಾಡಿಕೊಂಡು ಒಂದೊಂದೇ ಅಂಟಿಸಿದೆ. ನೆನಪು ಅಂತ ಬರೆದೆ; ಅದು ನೆನಪಲ್ಲ, ಊಹೆ. ಅಂಟಿಸುವಾಗಲೇ ನನಗೆ ಗೊತ್ತಿತ್ತು.

ಅಕ್ಕ ಬಂದಾಗ ನಾನು ನೆಲ ಒರೆಸುತ್ತಿದ್ದೆ. ಅವಳು ನೀರು ನೋಡಿದಳು, ಪಾಯಿಂಟ್ ನೋಡಿದಳು, ಪಕ್ಕದ ಗೋಡೆಯಲ್ಲಿ ನಾನು ಸೆಟ್‌ಗಾಗಿ ಹೊಡೆದ ಮೊಳೆ ನೋಡಿದಳು. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಒರೆಸಲು ಕೂತಳು.

ಮೇಡಂ ಬಂದು ಫ್ರೀಜರ್ ತೆಗೆದು ಕೈ ಇಟ್ಟು ನೋಡಿದರು. ಯಾರು ಆಫ್ ಮಾಡಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿದಳು: ‘ನಾನೇ ಮೇಡಂ. ಬುಧವಾರ ಪೂಜೆ ಆದ್ಮೇಲೆ ಗುಡಿಸೋವಾಗ ಕಿತ್ತೆ. ಹಾಕೋದು ಮರೆತೆ.’

ಬಾಯಿ ತೆರೆಯುವಷ್ಟರಲ್ಲಿ ಎಂದು ಬರೆದದ್ದೂ ಪೂರ್ತಿ ನಿಜವಲ್ಲ. ನಾನು ಬಾಯಿ ತೆರೆಯಲು ಹೊರಟಿರಲಿಲ್ಲ.

ಅಕ್ಕನ ಲೆಕ್ಕ ಇಷ್ಟೇ. ನಾನು ಪ್ರೊಬೇಷನ್‌ನಲ್ಲಿದ್ದೇನೆ, ನನ್ನನ್ನಾದರೆ ಅಂದೇ ಕಳಿಸುತ್ತಾರೆ. ತನಗೆ ಒಂಬತ್ತು ವರ್ಷದ ಸರ್ವೀಸು, ಬೈದು ಬಿಡುತ್ತಾರೆ. ಮೇಡಂ ಬಿಡುತ್ತಿದ್ದರೇನೋ. ಆದರೆ ಹಾಳಾದದ್ದು ಒಂದೆರಡು ಸಾಮಾನಲ್ಲ. ನಕಲು ಮಾಡುವ ಯಂತ್ರಕ್ಕೆ ಹಾಕುವ ಎನ್‌ಜೈಮ್‌ಗಳೆಲ್ಲ ಕೆಟ್ಟಿದ್ದವು. ಆಫೀಸಿನ ಮ್ಯಾನೇಜರ್ ನಿಯಮದ ಪುಸ್ತಕ ತೋರಿಸಿ, ಅಕ್ಕನನ್ನು ಕೆಲಸ ಬಿಡಿಸಲೇಬೇಕು ಅಂದರು. ಆ ವಾರದ ಬುಧವಾರ ಅಕ್ಕ ತನ್ನ ಟಿಫನ್ ಡಬ್ಬಿ, ಚಪ್ಪಲಿ, ಲೇಬಲ್ ಬರೆಯುವ ಎರಡು ಪೆನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ನಾನು ಕೆಳಗೆ ಬೇಕರಿಯವರೆಗೂ ಹೋಗಿ ಬಿಟ್ಟು ಬಂದೆ. ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು: ‘ಇನ್ನಾದ್ರೂ ನೆಟ್ಟಗೆ ಕೆಲ್ಸ ಕಲ್ತ್ಕೋ.’

ವಾರದೊಳಗೆ ಅವಳು ಅಲ್ಲೇ ಸಹಕಾರನಗರದ ಎರಡು ಮನೆಗಳಲ್ಲಿ ಅಡುಗೆ ಕೆಲಸ ಹಿಡಿದಳು. ಲ್ಯಾಬಿನ ಕಿಟಕಿಯಿಂದ ನೋಡಿದರೆ ಬೆಳಗ್ಗೆ ಅವಳು ಪಾರ್ಕಿನ ಪಕ್ಕದಲ್ಲಿ ನಡೆದು ಹೋಗುವುದು ಕಾಣುತ್ತಿತ್ತು. ಆ ಹೊತ್ತಿಗೆ ನಾನು ಬೇಕಂತಲೇ ಒಳಗಿನ ಕೋಣೆಯಲ್ಲಿ ಇರುತ್ತಿದ್ದೆ.

ಹೊಸ ಎನ್‌ಜೈಮ್ ಬರಲು ಎರಡು ವಾರ ಹಿಡಿಯಿತು. ಮೇಡಂಗೆ ಡಿಎನ್‌ಎ ಬಗ್ಗೆ ಚಿಂತೆ ಇರಲಿಲ್ಲ. ಅದು ಗಟ್ಟಿ ಜೀವ, ಬಿಸಿಲಿಗೆ ಬಿದ್ದರೂ ಬದುಕುತ್ತದೆ ಅನ್ನುತ್ತಿದ್ದರು. ಮೊದಲ ಸಲ ಮೂರು ಫೈಲಿಗೂ ಅವುಗಳ ಕೀಲಿ ಹಾಕಿ ಯಂತ್ರದಲ್ಲಿಟ್ಟರು. ಎರಡು ಗಂಟೆ ಬೇಕು. ಆಮೇಲೆ ಅದನ್ನು ಜೆಲ್ ಮೇಲೆ ಓಡಿಸಬೇಕು. ಜೆಲ್ ಅಂದರೆ ಅಗರ್‌ನಂಥ ಪುಡಿಯನ್ನು ಕಾಯಿಸಿ ತಟ್ಟೆಗೆ ಹೊಯ್ದ ಹಲ್ವದಂಥ ಬಿಲ್ಲೆ. ಅದರ ಒಂದು ಬದಿಯಲ್ಲಿ ಸಾಲಾಗಿ ಚಿಕ್ಕ ಗುಳಿ, ಒಂದೊಂದು ಗುಳಿಗೂ ಸಾಸಿವೆಯಷ್ಟು ಹನಿ ಬಿಟ್ಟು ಕರೆಂಟ್ ಕೊಟ್ಟರೆ ಡಿಎನ್‌ಎ ಒಳಗೆ ಸರಿಯುತ್ತದೆ. ನೀಲಿ ಬೆಳಕಿನ ಕೆಳಗಿಟ್ಟರೆ, ನಕಲಾಗಿದ್ದ ಕಡೆ ಒಂದು ಗೀರು ಹೊಳೆಯುತ್ತದೆ.

ಯಾವುದೂ ಹೊಳೆಯಲಿಲ್ಲ.

ಮೇಡಂ ಶಾಖ ಬದಲಾಯಿಸಿ ನೋಡಿದರು. ಡಿಎನ್‌ಎ ಹೆಚ್ಚು ಹಾಕಿ ನೋಡಿದರು. ಬೇರೆ ಲ್ಯಾಬಿನಿಂದ ಎರವಲು ಎನ್‌ಜೈಮ್ ತಂದು ನೋಡಿದರು. ಕೀಲಿಗಳೇ ಕೆಟ್ಟಿರಬಹುದು ಎಂದು ಮೂರು ಜೋಡಿ ಹೊಸದಾಗಿ ತರಿಸಿದರು. ಅವು ಬಂದವು, ಮತ್ತೆ ಹಾಕಿದರು. ಜೆಲ್ ಕಪ್ಪಗೇ ಉಳಿಯಿತು. ಮೂರಕ್ಕೆ ಮೂರೂ ಸತ್ತಿದ್ದರೆ ಡಿಎನ್‌ಎಯೇ ಹಾಳಾಗಿದೆ ಎಂದು ಅವರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕರಗಿದ ನೀರಿನಲ್ಲಿ ಏನೋ ಸೇರಿಕೊಂಡು ಅದನ್ನು ತಿಂದಿದೆ ಅಂದರು. ಲೇಬಲ್ ಬಗ್ಗೆ ಯಾರೂ ಯೋಚಿಸಲಿಲ್ಲ. ಅಕ್ಕ ಬರೆದ ಲೇಬಲ್, ಎರಡನೇ ಸಲ ಯಾಕೆ ನೋಡಬೇಕು?

ನನಗೆ ಗೊತ್ತಿತ್ತು. ಹೊಸ ಕೀಲಿಯೂ ತೆರೆಯದಿದ್ದ ದಿನ ನನ್ನ ಊಹೆ ತಪ್ಪಾಗಿದೆ ಎಂದು ಖಾತ್ರಿಯಾಯಿತು. ಒಂದನೆಯ ಕೀಲಿ ಒಂದನೆಯ ಬೀಗಕ್ಕೆ ಬೀಳುತ್ತಿರಲಿಲ್ಲ, ಏಕೆಂದರೆ ಅದು ಒಂದನೆಯ ಬೀಗವೇ ಅಲ್ಲ. ಮತ್ತೆ ಡಿಎನ್‌ಎ ಮಾಡಿಸಿ ತರಿಸಲು ಡಿಸೆಂಬರ್ ದಾಟುತ್ತದೆ ಎಂದು ಪ್ರೋಗ್ರಾಮರ್ ಹೇಳಿದರು. ಆ ಮಧ್ಯಾಹ್ನ ಮೇಡಂ ಪೆಟ್ಟಿಗೆಯಿಂದ ಮೂರೂ ಟ್ಯೂಬು ತೆಗೆದು ನನ್ನ ಅಂಗೈ ಮೇಲಿಟ್ಟರು. ಸಂಜೆ ಕಸ ಸುಡಲು ಕಳಿಸುವ ಕೆಂಪು ಚೀಲಕ್ಕೆ ಹಾಕಿಬಿಡಿ ಅಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

ನಾನು ಅವನ್ನು ಚೀಲಕ್ಕೆ ಹಾಕಲಿಲ್ಲ. ವಾಪಸ್ ಫ್ರೀಜರಿಗಿಟ್ಟೆ. ಕೆಲಸ ಬಿಟ್ಟ ಮೇಲೆ ನೇರ ಕೊಡಿಗೇಹಳ್ಳಿಗೆ, ಅಕ್ಕನ ಮನೆಗೆ ನಡೆದೆ.

ಅವಳು ಹೊಸಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ.

‘ಅಕ್ಕ, ಟ್ಯೂಬೆಲ್ಲ ಬಿಸಾಕಕ್ಕೆ ಹೇಳಿದ್ರು. ಹಾಳಾಗಿದೆ ಅಂತ. ಹಾಳಾಗಿಲ್ಲ. ಲೇಬಲ್ ಅದಲು ಬದಲಾಗಿದೆ.’

‘ಯಾವ ಲೇಬಲ್ಲು?’

‘ನೀನು ಬರ್ದಿದ್ದು. ಅವತ್ತು ನೀರಲ್ಲಿ ಬಿಟ್ಕೊಂಡಿತ್ತು. ನೀನು ಬರೋಕ್ ಮುಂಚೆ ನಾನೇ ಅಂಟಿಸ್ದೆ.’

ಸೊಪ್ಪು ಅವಳ ಕೈಯಲ್ಲೇ ಉಳಿಯಿತು. ಬೈದಿದ್ದರೆ ಸುಲಭವಾಗುತ್ತಿತ್ತು.

‘ಪ್ಲಗ್ ಕಿತ್ತೋನು ನೀನು ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೋ’ ಎಂದಳು ಕೊನೆಗೆ. ‘ಗೊತ್ತಿದ್ದೇ ನಂದು ಅಂದೆ. ಅದಕ್ಕೆ ನಂಗೇನೂ ಬೇಜಾರಿಲ್ಲ. ಆದ್ರೆ ನನ್ನ ಅಕ್ಷರದಲ್ಲಿ ಸುಳ್ಳು ಅಂಟಿಸಿದ್ಯಲ್ಲ. ನಿನ್ನ ಅಕ್ಷರ ಆಗಿದ್ರೆ ಮೇಡಂ ಒಂದ್ಸಲ ಆದ್ರೂ ಅನುಮಾನ ಪಡ್ತಿದ್ರು.’

ನಾಳೆ ಬೆಳಗ್ಗೆ ಹೋಗಿ ಹೇಳುತ್ತೇನೆ ಅಂದೆ. ತಾನೂ ಬರಲೇ ಎಂದು ಕೇಳಿದಳು. ‘ಬೇಡ. ನೀನ್ ಬಂದ್ರೆ ಮತ್ತೆ ನೀನೇ ಮಾತಾಡ್ತೀಯ’ ಅಂದೆ. ಅವಳ ಮುಖ ಸ್ವಲ್ಪ ಸಡಿಲಾಯಿತು. ಊಟ ಮಾಡಿ ಹೋಗು ಅಂದಳು, ಅಷ್ಟೇ.

ಮರುದಿನ ಮೇಡಂ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟೆ. ಯಶವಂತಪುರಕ್ಕೆ ಹೋಗದ್ದು, ಮುಚ್ಚಳದ ಮೇಲೆ ಬರೆಯದ್ದು, ಸೀರಿಯಲ್ ಸೆಟ್, ಪ್ಲಗ್, ತೇಲುತ್ತಿದ್ದ ಲೇಬಲ್, ಅಂಟು, ಅಕ್ಕ. ಹೇಳಿ ಮುಗಿಸಿ ಹೊರಗೆ ಹೋಗಿ ಅನ್ನುವುದನ್ನು ಕಾಯುತ್ತಾ ನಿಂತೆ. ಮೇಡಂ ಕೇಳಿದ ಮೊದಲ ಪ್ರಶ್ನೆ ಬೇರೆಯೇ ಇತ್ತು.

‘ಪ್ಲಗ್ ಕಿತ್ತಾಗ ಟೈಮ್ ಎಷ್ಟು?’

‘ಮೂರೂವರೆ, ಮೇಡಂ. ಬುಧವಾರ.’

‘ಮತ್ತೆ ಹಾಕಿದ್ದು?’

‘ಸೋಮವಾರ ಎಂಟೂಕಾಲು.’

ಅವರು ಒಂದು ಕಾಗದದ ಮೇಲೆ ಲೆಕ್ಕ ಹಾಕಿದರು. ನೂರ ಹನ್ನೆರಡು ಮುಕ್ಕಾಲು ಗಂಟೆ. ಟ್ಯೂಬು ನಿಜಕ್ಕೂ ಇವೆಯೇ, ಚೀಲಕ್ಕೆ ಹೋಗಿಲ್ಲವೇ ಎಂದು ಕೇಳಿದರು. ಇವೆ ಅಂದೆ. ಆಮೇಲೆ ತಲೆಯೆತ್ತಿ, ‘ನಿಮ್ಮ ಅಕ್ಕನನ್ನ ಕೆಲಸ ಬಿಡಿಸಿದ ಕಾಗದದ ಮೇಲೆ ಸಹಿ ಹಾಕಿದ್ದು ನಾನು ಕಣ್ರೀ’ ಅಂದರು. ಲ್ಯಾಬಿನ ದಿನಚರಿ ಪುಸ್ತಕ ನನ್ನ ಮುಂದೆ ಸರಿಸಿ, ಹೇಳಿದ್ದನ್ನೆಲ್ಲ ಕನ್ನಡದಲ್ಲೇ ಬರೆದು ಸಹಿ ಹಾಕಿ ಅಂದರು. ಒಂದು ಪುಟವಾಯಿತು.

ಮಾಡಬೇಕಾದದ್ದು ಈಗ ನನಗೂ ಅರ್ಥವಾಗುವಷ್ಟು ಸರಳವಾಗಿತ್ತು. ಮೂರು ಬೀಗ, ಮೂರು ಕೀಲಿ. ಯಾವುದು ಯಾವುದಕ್ಕೆ ಎಂದು ಗೊತ್ತಿಲ್ಲ. ಒಂದೊಂದು ಬೀಗಕ್ಕೂ ಮೂರೂ ಕೀಲಿ ಹಾಕಿ ನೋಡುವುದು, ಒಟ್ಟು ಒಂಬತ್ತು. ಮೇಡಂ ಒಂಬತ್ತು ಟ್ಯೂಬು ಸಾಲಾಗಿ ಐಸ್ ಮೇಲೆ ನಿಲ್ಲಿಸಿದರು. ಮುಚ್ಚಳಗಳ ಮೇಲೆ ನಂಬರ್ ಬರೆಯಲು ಪೆನ್ನು ನನ್ನ ಕೈಗೆ ಕೊಟ್ಟರು. ಬರೆದೆ. ಪ್ರೋಗ್ರಾಮರ್ ಪಕ್ಕದಲ್ಲಿ ನಿಂತು ಒಂದೊಂದನ್ನೂ ಜೋರಾಗಿ ಓದಿ ಟಿಕ್ ಹಾಕಿಕೊಂಡರು. ಯಂತ್ರ ಶುರುವಾಯಿತು.

ಮುಕ್ಕಾಲು ಗಂಟೆಗೆ ಕರೆಂಟ್ ಹೋಯಿತು. ಯುಪಿಎಸ್ ಕೂಗಲು ಶುರು ಮಾಡಿತು. ಬ್ಯಾಟರಿ ಹಳೆಯದು, ಇಡೀ ಲ್ಯಾಬಿನ ಭಾರ ಅರ್ಧ ಗಂಟೆಯೂ ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಂತ್ರಕ್ಕೆ ಇನ್ನೂ ಒಂದೂಕಾಲು ಗಂಟೆ ಬೇಕು. ಈ ವಿಷಯದಲ್ಲಿ ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೋಣೆ ಕೋಣೆಗೆ ಹೋಗಿ ಕಂಪ್ಯೂಟರು, ದೀಪ, ಪ್ರಿಂಟರು, ಫ್ಯಾನು ಎಲ್ಲದರ ಪ್ಲಗ್ ಕೀಳುತ್ತಾ ಬಂದೆ. ಪಡಸಾಲೆಯ ಕೊನೆಗೆ ಬಂದಾಗ ಹಿಂದಿನಿಂದ ಪ್ರೋಗ್ರಾಮರ್ ದನಿ ಕೇಳಿಸಿತು: ‘ಗುರು, ಕೈ ಮುಗೀತೀನಿ, ಅದೊಂದನ್ನ ಬಿಟ್ಬಿಡು.’ ಮೇಡಂ ಒಳಗಿನ ಕೋಣೆಯ ಕತ್ತಲಲ್ಲಿ ನಕ್ಕದ್ದು ಕೇಳಿಸಿತು. ಐದು ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು. ಫ್ರೀಜರ್ ಮತ್ತು ನಕಲಿನ ಯಂತ್ರ, ಎರಡೇ ಉಳಿದವು. ಒಂದು ಗಂಟೆ ಕಳೆದು ಕರೆಂಟ್ ಬರುವವರೆಗೂ ಯುಪಿಎಸ್ ಎಳೆಯಿತು.

ಜೆಲ್ ಹೊಯ್ದವನು ನಾನೇ. ಒಂಬತ್ತು ಗುಳಿಗೆ ಒಂಬತ್ತು ಹನಿ. ಮುಕ್ಕಾಲು ಗಂಟೆ ಓಡಿತು. ನೀಲಿ ಬೆಳಕಿನ ಪೆಟ್ಟಿಗೆಯ ಮೇಲೆ ಇಟ್ಟು ಮೇಡಂ ಸ್ವಿಚ್ ಒತ್ತಿದರು.

ಮೂರನೆಯ ಗುಳಿಯ ಕೆಳಗೆ ಒಂದು ಗೀರು. ನಾಲ್ಕನೆಯದರ ಕೆಳಗೆ ಒಂದು. ಎಂಟನೆಯದರ ಕೆಳಗೆ ಒಂದು. ಮೂರೂ ಸ್ಪಷ್ಟವಾಗಿ, ದಪ್ಪಗೆ, ನಾನು ಕಟ್ಟಿದ ಯಾವ ಸೆಟ್‌ಗಿಂತಲೂ ಚೆನ್ನಾಗಿ ಹೊಳೆಯುತ್ತಿದ್ದವು. ಒಂದು ಎಂದು ನಾನು ಅಂಟಿಸಿದ್ದ ಟ್ಯೂಬು ನಿಜವಾಗಿ ಮೂರು. ಎರಡು ಎಂದದ್ದು ಒಂದು. ಮೂರು ಎಂದದ್ದು ಎರಡು. ಒಂದಾದರೂ ಸರಿಯಾಗಿ ಅಂಟಿಸಿದ್ದರೆ ಅದೊಂದು ಮೊದಲ ದಿನವೇ ತೆರೆದು, ಉಳಿದದ್ದನ್ನು ಮೇಡಂ ತಾವೇ ಕಂಡುಹಿಡಿಯುತ್ತಿದ್ದರು. ನಾನು ಮೂರನ್ನೂ ತಪ್ಪಾಗಿ ಅಂಟಿಸಿದ್ದೆ.

ಪ್ರೋಗ್ರಾಮರ್ ನನ್ನ ಬೆನ್ನಿಗೆ ಗುದ್ದಿದರು. ಮೇಡಂ ಎರಡೂ ಕೈಯನ್ನು ಪೆಟ್ಟಿಗೆಯ ಮೇಲೆ ಊರಿ, ಆ ಮೂರು ಗೀರುಗಳನ್ನು ನೋಡುತ್ತಾ ನಿಂತರು. ಆಮೇಲೆ ಹೇಳಿದರು: ಬೇಕಂತ ಯಾರೂ ಫೈಲನ್ನು ನೂರು ಗಂಟೆ ನೀರಿನಲ್ಲಿ ಮುಳುಗಿಸಿ ಇಡುವುದಿಲ್ಲ. ಇಟ್ಟರೂ ಬದುಕಿದೆ. ಇದನ್ನ ವರದಿಯಲ್ಲಿ ಬರೆಯುತ್ತೇನೆ, ನಿಮ್ಮ ಪುಟ ಸಮೇತ.

ನಕಲಾದ ಡಿಎನ್‌ಎಯನ್ನು ಕೊಂಡಿ ಕೊಂಡಿಯಾಗಿ ಓದಲು ಹೊರಗೆ ಕಳಿಸಬೇಕಿತ್ತು. ಹತ್ತು ದಿನದಲ್ಲಿ ಓದಿದ ಸಾಲುಗಳು ಬಂದವು. ಅಲ್ಲಲ್ಲಿ ಕೆಲವು ಸಾಲು ಬಿಟ್ಟುಹೋಗಿದ್ದವು. ಹಾಗೇನಾದರೂ ಆದರೆ ತುಂಬಿಕೊಳ್ಳಲು ಬೇಕಾದಷ್ಟನ್ನು ಪ್ರೋಗ್ರಾಮರ್ ಮೊದಲೇ ಹೆಚ್ಚಿಗೆ ಬರೆದಿಟ್ಟಿದ್ದರು. ಒಂದು ಬೆಳಗ್ಗೆ ಲ್ಯಾಬಿನ ತುಂಬ ರೈಲು ಕೂಗಿತು. ಕೆಳಗಿನ ಬೇಕರಿಯವರು ಏನಾಯಿತು ಎಂದು ಮೇಲೆ ಬಂದು ನೋಡಿದರು.

ಅದೇ ಸಂಜೆ ಮೇಡಂ ಮ್ಯಾನೇಜರನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದರು. ನಾನು ದಾರಿ ತೋರಿಸಲು ಹೋಗಿದ್ದೆ, ಒಳಗೆ ಹೋಗದೆ ಗೇಟಿನಲ್ಲೇ ನಿಂತೆ. ಮ್ಯಾನೇಜರ್ ತಪ್ಪಾಯಿತು ಎಂದು ನೇರವಾಗಿ ಹೇಳಿದರು, ಅದನ್ನು ಇಲ್ಲಿ ಬರೆಯಲೇಬೇಕು. ಮೇಡಂ ಮತ್ತೆ ಕೆಲಸಕ್ಕೆ ಕರೆಯುವ ಕಾಗದ ಕೊಟ್ಟರು. ಅಕ್ಕ ಅದನ್ನು ಮಡಿಸಿ ಇಟ್ಟುಕೊಂಡು, ಅಡುಗೆಗೆ ಹೋಗುವ ಮನೆಗಳವರಿಗೆ ಹೇಳದೆ ಬಿಡಲಾಗುವುದಿಲ್ಲ, ಒಂದು ವಾರ ಬೇಕು ಅಂದಳು. ಇನ್ನೂ ಒಂದು ಷರತ್ತು ಹಾಕಿದಳು: ‘ಮೊದ್ಲು ಯಶವಂತಪುರದಿಂದ ಲೇಬಲ್ ತರ್ಸಿ ಮೇಡಂ. ಇವನನ್ನೇ ಕಳ್ಸಿ.’

ಮರುದಿನ ನಾನು ಹೋಗಿ ತಂದೆ. ಹೆಬ್ಬಾಳದಲ್ಲಿ ಒಂದು ಗಂಟೆ ಬಸ್ಸು ನಿಂತಿತ್ತು. ನನ್ನ ಪ್ರೊಬೇಷನ್ ಇನ್ನೊಂದು ವರ್ಷ ಎಳೆದರು. ಅದು ಕಡಿಮೆಯೇ ಎಂದು ನನಗೆ ಗೊತ್ತಿತ್ತು.

ಡಿಸೆಂಬರಿನಲ್ಲಿ ಅತಿಥಿಗಳು ಬಂದರು, ಐದು ಮಂದಿ. ಕೆರೆಗಳ ಹೆಸರು ಪರದೆಯ ಮೇಲೆ ಸಾಲಾಗಿ ಇಳಿದವು. ರೈಲು ಕೂಗಿತು. ಕೊನೆಯಲ್ಲಿ ಅಕ್ಕನ ರಂಗೋಲಿ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಮೂಡಿತು. ಮೇಡಂ ಆ ನೂರ ಹನ್ನೆರಡು ಮುಕ್ಕಾಲು ಗಂಟೆಯ ವಿಷಯ ಹೇಳಿದಾಗ ಎಲ್ಲರೂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆಗ ಅವರಲ್ಲಿ ಹಿರಿಯರಾದ ಒಬ್ಬರು ಕನ್ನಡಕ ಸರಿಮಾಡಿಕೊಂಡು, ಎಡಗಡೆ ಒಂದು ಚುಕ್ಕಿ ಕಾಣುತ್ತಿಲ್ಲವಲ್ಲ, ಅಷ್ಟು ನಷ್ಟವಾಯಿತೇ ಎಂದು ಕೇಳಿದರು.

ಎಲ್ಲರೂ ನೋಡಿದರು. ನಿಜ. ಹದಿನೈದು ಚುಕ್ಕಿಯ ಸಾಲಿನ ಎಡ ತುದಿ ಖಾಲಿ. ಪ್ರೋಗ್ರಾಮರ್ ಮೂಲ ಫೋಟೋ ಹುಡುಕಲು ಹೊರಟರು. ಅಷ್ಟರಲ್ಲಿ ಬಾಗಿಲ ಬಳಿ ಟೀ ತಟ್ಟೆ ಹಿಡಿದು ನಿಂತಿದ್ದ ಅಕ್ಕ ಮಾತಾಡಿದಳು.

‘ಅದು ಕಳ್ದಿಲ್ಲ ಸಾರ್. ಫೋಟೋ ತೆಗೆಯೋಕ್ ಮುಂಚೆನೇ ಹೋಗಿತ್ತು. ನೀರಿನ ಕ್ಯಾನ್ ಹೊತ್ಕೊಂಡು ಬಂದು ಮೇಲೆ ಕಾಲಿಟ್ಟ.’

ಯಾರು ಎಂದು ಆ ಹಿರಿಯರು ಕೇಳಿದರು. ಅಕ್ಕ ತಟ್ಟೆ ಹಿಡಿದ ಕೈಯಲ್ಲೇ ನನ್ನ ಕಡೆ ತೋರಿಸಿದಳು. ‘ಪ್ಲಗ್ಗು ನಂದು ಅಂದೆ. ಇದನ್ನ ಮಾತ್ರ ನಂದು ಅನ್ನಲ್ಲ.’

ಮೇಡಂ ತಲೆ ತಗ್ಗಿಸಿ ನಗುತ್ತಿದ್ದರು. ಮೂಲ ಫೋಟೋ ಪಕ್ಕದಲ್ಲಿ ತೆರೆದುಕೊಂಡಿತು, ಅದರಲ್ಲೂ ಅದೇ ಜಾಗ ಖಾಲಿ. ಸೊನ್ನೆ ಇದ್ದ ಕಡೆ ಸೊನ್ನೆಯನ್ನೇ ಡಿಎನ್‌ಎ ಹಾಗೇ ಕಾಪಾಡಿಕೊಂಡು ಬಂದಿತ್ತು. ಐದೂ ಮಂದಿ ತಿರುಗಿ ನನ್ನನ್ನು ನೋಡಿದರು.

‘ಹೌದು ಸಾರ್, ನನ್ನ ಕಾಲೇ’ ಅಂದೆ. ಈ ಸಲ ಐದು ವಾರ ಹಿಡಿಯಲಿಲ್ಲ.